ಗೋಪಮ್ಮನ ವರ್ತಿ

ಊರಿನ ಹೆಸರು ಹೇಳುವುದಿಲ್ಲ. ಮಾನ್ವಿಯಲ್ಲಿ ದೇವದುರ್ಗದ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುವ ಒಂದು ಊರು ಅಂದುಕೊಂಡರೆ ಸಾಕು. ಅಲ್ಲಿ ನನ್ನ ತವರಿದೆ. ಹಬ್ಬಕ್ಕೋ ಮದುವೆಗೋ ಹೋಗಿಬರುತ್ತೇನೆ. ಮೇಲಿನ ಓಣಿಯವರು ಈಗ ನನ್ನನ್ನು ಟೀಚರಮ್ಮ ಎಂದು ಕರೆದು ಕುರ್ಚಿ ಹಾಕುತ್ತಾರೆ, ಚಹಾ ಕೊಡುತ್ತಾರೆ. ಆ ಕುರ್ಚಿಯಲ್ಲಿ ಕೂತಾಗಲೆಲ್ಲ ಗೋಪಮ್ಮ ನೆನಪಾಗುತ್ತಾಳೆ, ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಆದರೂ ಕುಡಿಯುತ್ತೇನೆ, ಬಿಟ್ಟರೆ ಅದೊಂದು ಮಾತಾಗುತ್ತದೆ.

ಗೋಪಮ್ಮ ನಮ್ಮ ಕೇರಿಯವಳು, ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವೇನೂ ಇಲ್ಲ, ಆದರೂ ನಾನು ಅವಳನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದೆ. ಎತ್ತರದ ಆಳು, ಕಡ್ಡಿಯಂಥ ಮೈ, ಗದ್ದದ ಮೇಲೆ ಹಚ್ಚೆಯ ಮೂರು ಚುಕ್ಕಿ, ಸದಾ ತಂಬಾಕು ಇಟ್ಟುಕೊಂಡ ಬಾಯಿ. ಗಂಡ ಗದ್ದೆಪ್ಪ ಹರೆಯದಲ್ಲೇ ತೀರಿಕೊಂಡಿದ್ದ. ಶೇಂಗಾ ಕಿತ್ತು, ಹತ್ತಿ ಬಿಡಿಸಿ, ಕಂಡವರ ಹೊಲದ ಕಳೆ ತೆಗೆದು ಒಬ್ಬನೇ ಮಗ ಸುಂಕಪ್ಪನನ್ನು ಸಾಕಿದಳು. ಬೈಗುಳದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನಮ್ಮ ಕೇರಿಯ ಗಂಡಸರು ಕುಡಿದು ಬಂದ ದಿನ ಅವಳ ಮನೆಯ ಮುಂದಿನಿಂದ ಬರದೆ ಸುತ್ತಿ ಬಳಸಿ ಬರುತ್ತಿದ್ದರು.

ಇಂಥ ಹೆಂಗಸು ದನಿ ತಗ್ಗಿಸುತ್ತಿದ್ದ ಜಾಗ ಒಂದೇ, ಹಳ್ಳದ ಮರಳಿನಲ್ಲಿ ಅವಳು ತೋಡುತ್ತಿದ್ದ ವರ್ತಿ. ಪುಸ್ತಕದಲ್ಲಿ ಅದನ್ನು ಒರತೆ ಎಂದು ಬರೆಯುತ್ತಾರೆ. ನಮ್ಮ ಹಳ್ಳ ಮಳೆಗಾಲದಲ್ಲಿ ಕೆಂಪಗೆ ಹರಿದು, ಶಿವರಾತ್ರಿಯ ಹೊತ್ತಿಗೆ ಬರೀ ಮರಳಾಗಿ ಬಿದ್ದುಕೊಳ್ಳುತ್ತಿತ್ತು. ಆಗ ಕೇರಿಯ ಒಂದೊಂದು ಮನೆಯವರೂ ಮರಳಿನಲ್ಲಿ ಸೊಂಟದಾಳದ ಗುಂಡಿ ತೋಡಿ, ಜಿನುಗುವ ನೀರನ್ನು ತೆಂಗಿನ ಚಿಪ್ಪಿನಿಂದ ಮೊಗೆದು ಕೊಡ ತುಂಬಿಕೊಳ್ಳುತ್ತಿದ್ದೆವು. ಪ್ರತಿ ವರ್ಷ ಮೊದಲ ವರ್ತಿ ಗೋಪಮ್ಮನದು. ಅವಳು ಮರಳಿನ ಮೇಲೆ ಬರಿಗಾಲಲ್ಲಿ ಅಡ್ಡಾಡಿ, ಅಂಗಾಲಿಗೆ ತಣ್ಣಗೆ ಹತ್ತಿದ ಕಡೆ ನಿಂತು, "ಇಲ್ಲಿ ಅದಾಳ ನೋಡು ಗಂಗವ್ವ" ಎನ್ನುತ್ತಿದ್ದಳು. ಮೊದಲ ಚಿಪ್ಪು ನೀರು ಗಂಗವ್ವನಿಗೆಂದು ಮರಳಿಗೇ ಚೆಲ್ಲಬೇಕು. ಚಪ್ಪಲಿ ಮೆಟ್ಟಿ ಹತ್ತಿರ ಬರಬಾರದು. ಸಂಜೆ ಜಾಲಿಮುಳ್ಳು ಮುಚ್ಚಿ ಬರುವಾಗ ಹಕ್ಕಿಗಳಿಗೆಂದು ಪಕ್ಕದಲ್ಲಿ ಒಂದಿಷ್ಟು ನೀರು ಇಟ್ಟುಬರಬೇಕು. ಇವು ಅವಳ ಕಾಯ್ದೆ. ಮುರಿದವರಿಗೆ ಅವಳ ಬಾಯಿ ಇದ್ದೇ ಇತ್ತು.

ಹಳ್ಳದ ಮೇಲ್ಗಡೆ ಊರವರು ಎಮ್ಮೆಗಳ ಮೈ ತೊಳೆಯುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಇನ್ನೂ ಏನೇನೋ ಮಾಡುತ್ತಿದ್ದರು. ಅದೆಲ್ಲ ಕೆಳಗಿರುವ ನಮ್ಮ ಕಡೆಗೇ ಬರಬೇಕು. ಆದರೂ ವರ್ತಿಯ ನೀರು ಕಣ್ಣೀರಿನಷ್ಟು ತಿಳಿ. ಹೇಗೆಂದು ಕೇಳಿದರೆ ಗೋಪಮ್ಮ ಹೇಳುತ್ತಿದ್ದಳು: "ಮರಳು ತಾಯಿ ಇದ್ದಂಗ ಬೇ. ಮಂದಿ ಏನ್ ಹೊಲಸು ಮಾಡಿ ಕಳಿಸಿದ್ರೂ ತೊಳದು ನಮಗ ಕೊಡ್ತಾಳ." ನಾವೆಲ್ಲ ಇದನ್ನು ನಂಬಿದ್ದೆವು. ನಂಬದೇ ಏನು ಮಾಡುವುದು, ಕುಡಿದು ಬದುಕಿದವರು ನಾವೇ ಇದ್ದೆವಲ್ಲ.

ಅವಳು ವರ್ತಿ ತೋಡಲು ಶುರು ಮಾಡಿದ್ದಕ್ಕೊಂದು ಕಾರಣವಿದೆ. ಮೇಲಿನ ಓಣಿಯಲ್ಲಿ ರಸ್ತೆಗೆ ಹತ್ತಿಕೊಂಡು ದೊಡ್ಡ ಬಾವಿ ಇದೆ. ನಮ್ಮವರು ಅದಕ್ಕೆ ಹಗ್ಗ ಇಳಿಸುವಂತಿರಲಿಲ್ಲ. ಕೊಡ ಕೆಳಗಿಟ್ಟು ದೂರ ನಿಲ್ಲಬೇಕು, ಸೇದುವವರಲ್ಲಿ ಯಾರಿಗಾದರೂ ಮನಸ್ಸು ಬಂದರೆ ಮೇಲಿನಿಂದ ಹೊಯ್ಯುತ್ತಿದ್ದರು. ಗೋಪಮ್ಮ ಹೊಸದಾಗಿ ಮದುವೆಯಾಗಿ ಬಂದಾಗ ಅಲ್ಲಿ ಮುಂಜಾನೆಯಿಂದ ಬಿಸಿಲೇರುವ ತನಕ ನಿಲ್ಲುತ್ತಿದ್ದಳಂತೆ. ಒಂದು ದಿನ ಸೇದುತ್ತಿದ್ದವಳು ಇವಳ ಕೊಡ ಅರ್ಧ ತುಂಬಿದ ಮೇಲೆ, ಯಾಕೋ ಏನೋ, ಉಳಿದ ನೀರನ್ನು ತನ್ನ ಕಾಲಿಗೆ ಸುರಿದುಕೊಂಡು ತೊಳೆದುಕೊಂಡಳಂತೆ. ಜಗಳವಿಲ್ಲ, ಬೈಗುಳವಿಲ್ಲ. ಗೋಪಮ್ಮ ಆ ಅರ್ಧ ಕೊಡವನ್ನು ಅಲ್ಲೇ ಬೋರಲು ಹಾಕಿ, ಸೀದಾ ಹಳ್ಳಕ್ಕೆ ಹೋಗಿ, ಉಗುರು ಕಿತ್ತು ರಕ್ತ ಬರುವ ತನಕ ಮರಳು ತೋಡಿದಳು. ನೀರು ಸಿಕ್ಕಿತು. "ಇನ್ನ ಸಾಯೂತನಕ ಆ ಬಾವಿ ಮುಂದ ಕೊಡ ಹಿಡಕೊಂಡು ನಿಂದ್ರಂಗಿಲ್ಲ" ಎಂದು ಅಂದೇ ಆಣೆ ಮಾಡಿದಳು. ಮರುವರ್ಷ ನಮ್ಮ ಕೇರಿಯೆಲ್ಲ ಅವಳ ಹಿಂದೆ ಹಳ್ಳಕ್ಕಿಳಿಯಿತು. ನಮ್ಮ ಕೇರಿಯ ಮಕ್ಕಳು, ನನ್ನನ್ನೂ ಸೇರಿಸಿ, ಬಾವಿಯ ಮುಂದೆ ನಿಲ್ಲದೆ ಬೆಳೆದದ್ದು ಅವಳಿಂದ.

ಎಪ್ಪತ್ನಾಲ್ಕರಲ್ಲಿ ನಮ್ಮೂರಿಗೆ ಬಸ್ಸಿನ ಡಿಪೋ ಬಂತು. ದೊಡ್ಡದೇನಲ್ಲ, ತಗಡಿನ ಶೆಡ್ಡು, ಒಂದು ಆಫೀಸು ಕೋಣೆ, ಬಸ್ಸು ತೊಳೆಯಲು ಸಿಮೆಂಟಿನ ಇಳಿಜಾರು ಕಟ್ಟೆ. ರಾಯಚೂರು, ಮಾನ್ವಿ, ದೇವದುರ್ಗಗಳ ನಡುವೆ ಓಡುವ ಕೆಲವು ಬಸ್ಸುಗಳು ರಾತ್ರಿ ಅಲ್ಲಿ ನಿಲ್ಲುವುದೆಂದು ಠರಾವಾಯಿತು. ಜಾಗ ನೋಡಲು ಬಂದ ಸಾಹೇಬರಿಗೆ ನೀರು ಹತ್ತಿರವಿರುವ ಸರ್ಕಾರಿ ಜಮೀನು ಬೇಕಿತ್ತು. ಊರ ಹಿರಿಯರು ಆ ಕಡೆ ಈ ಕಡೆ ಕೈ ತೋರಿಸುತ್ತಿದ್ದಾಗ ಮುಂದೆ ಬಂದವನು ಸುಂಕಪ್ಪ. ಆಗ ಅವನಿಗೆ ಹೊಸದಾಗಿ ಮೀಸೆ ದಪ್ಪಗಾಗಿತ್ತು, ಅಮರಮ್ಮನ ಜೊತೆ ಮದುವೆ ಗೊತ್ತಾಗಿತ್ತು, ಉಮೇದು ಜಾಸ್ತಿ. ಅವ್ವನ ಹಾಗೆ ಬರಿಗಾಲಲ್ಲಿ ಹಳ್ಳದ ದಂಡೆಗುಂಟ ನಡೆದು, ತಿರುವಿನಲ್ಲಿ ನಿಂತು, "ಇಲ್ಲಿ ತೋಡಿಸ್ರೀ ಸಾಹೇಬ್ರ, ಬಾವಿ ಬೇಸಿಗ್ಯಾಗೂ ಬತ್ತಂಗಿಲ್ಲ" ಎಂದ. ಆ ತಿರುವು ನಮ್ಮ ವರ್ತಿಗಳಿಗಿಂತ ಮೇಲಿತ್ತು.

ಅವನು ಆ ಜಾಗ ತೋರಿಸಿದ್ದು ಯೋಚನೆ ಮಾಡದೆ ಅಲ್ಲ. ಕೆಳಗೆ ತೋರಿಸಿದರೆ ಬಸ್ಸಿನ ಗಾಲಿಗಳು ವರ್ತಿಯ ಮರಳು ತುಳಿಯುತ್ತವೆ, ಜನ ಚಪ್ಪಲಿ ಮೆಟ್ಟಿಕೊಂಡು ಓಡಾಡುತ್ತಾರೆ ಎಂದು ಮೇಲಕ್ಕೆ ಕರೆದೊಯ್ದ. ಅಲ್ಲಿಂದ ಹರಿದು ಬರುವ ಬಚ್ಚಲ ನೀರಿನ ಮಾತು ಯಾರೂ ಎತ್ತಲಿಲ್ಲ. ಎಮ್ಮೆಯ ಸಗಣಿ ತೊಳೆದ ಮರಳಿಗೆ ಬಸ್ಸಿನ ಧೂಳು ಯಾವ ಲೆಕ್ಕ? ಗೋಪಮ್ಮನೂ ಮಗನ ಬೆನ್ನು ತಟ್ಟಿದಳು. ಸಾಹೇಬರಿಗೆ ಹುಡುಗ ಹಿಡಿಸಿದ. ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ ಅವನಿಗೇ ಆಯಿತು.

ಖಾಕಿ ಅಂಗಿ ಹಾಕಿಕೊಂಡು ಅವನು ಮನೆಗೆ ಬಂದ ದಿನ ಗೋಪಮ್ಮ ಕೇರಿಗೆಲ್ಲ ಬೆಲ್ಲ ಹಂಚಿದಳು. ಗೌಡರ ಹೊಲಕ್ಕೆ ಆಳಾಗಿ ಹೋಗದ ಮೊದಲ ಗಂಡಸು ಅವಳ ಮಗ. "ನನ್ನ ಮಗ ಈಗ ಸರ್ಕಾರದಾಂವ, ನಿಮ್ಮಂಗ ಅಲ್ಲಲೇ" ಎಂದು ಎದುರುಮನೆಯವರನ್ನು ಕಾಡಿಸುತ್ತಿದ್ದಳು.

ಬಸ್ಸೆಂದರೆ ಅವಳಿಗೆ ಹುಚ್ಚು. ಮೊದಲ ಸಲ ರಾಯಚೂರಿಗೆ ಹೊರಟಾಗ ಬಸ್ಸಿನ ಮೆಟ್ಟಿಲು ಮುಟ್ಟಿ ನಮಸ್ಕಾರ ಮಾಡಿಯೇ ಹತ್ತಿದ್ದು. ನಾನೂ ಜೊತೆಗಿದ್ದೆ. ಎಲ್ಲಿ ಕೂರಬೇಕೆಂದು ತಿಳಿಯದೆ ಅವಳು ನಡುವೆ ನೆಲದ ಮೇಲೆ ಕೂತುಬಿಟ್ಟಳು. ಡ್ರೈವರ್ ಜಿಲಾನಿ ಪಾಷಾ ತಿರುಗಿ ನೋಡಿ, "ಯವ್ವಾ, ಟಿಕೀಟ್ ತೊಗೊಂಡೀಯಿಲ್ಲೋ? ಮ್ಯಾಲ ಕುಂದ್ರು. ಸೀಟು ಯಾರಪ್ಪಂದೂ ಅಲ್ಲ" ಎಂದ. ಖಾಲಿ ಇದ್ದದ್ದು ಮೇಲಿನ ಓಣಿಯ ಹೆಂಗಸೊಬ್ಬಳ ಪಕ್ಕದ ಜಾಗ. ಗೋಪಮ್ಮ ಹೋಗಿ ಕೂತಳು. ಆ ಹೆಂಗಸು ಕಿಟಕಿಗೆ ಒತ್ತಿಕೊಂಡಳೇ ಹೊರತು ಏಳಲಿಲ್ಲ. ಎದ್ದರೆ ರಾಯಚೂರಿನ ತನಕ ನಿಲ್ಲಬೇಕಿತ್ತು. ಕಲ್ಮಲ ದಾಟುವ ತನಕ ಗೋಪಮ್ಮ ಉಸಿರು ಬಿಗಿಹಿಡಿದಿದ್ದಳು. ಆಮೇಲೆ ನನ್ನ ಕಡೆ ನೋಡಿ ಕಣ್ಣು ಹೊಡೆದಳು. ಅವಳು ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆ ನೋಡಲಿಲ್ಲ.

ಆ ಬಸ್ಸು ಇಲ್ಲದಿದ್ದರೆ ನಾನು ಹೈಸ್ಕೂಲು ಮುಗಿಸುತ್ತಿರಲಿಲ್ಲ. ರಾಯಚೂರಿನಲ್ಲಿ ಟೀಚರ್ ಟ್ರೇನಿಂಗ್ ಮಾಡುತ್ತಿರಲಿಲ್ಲ. ಹೆರಿಗೆಗೆ ಕಷ್ಟವಾದ ನಮ್ಮ ಹೆಣ್ಣುಮಕ್ಕಳು ಎತ್ತಿನ ಗಾಡಿಯಲ್ಲೇ ಸಾಯುತ್ತಿದ್ದರು. ಬಸ್ಸನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಬೈಯದಿರಲೂ ಆಗುವುದಿಲ್ಲ. ಈ ಸಂಕಟವನ್ನು ಯಾರ ಮುಂದೆ ಹೇಳಿಕೊಳ್ಳಲಿ?

ಸುಂಕಪ್ಪ ದಿನಾ ಬಸ್ಸಿನ ಅಡಿಯಲ್ಲಿ ಮಲಗಿ, ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಗ್ರೀಸು ಒರೆಸಿ, ಸೋಡಾ ಹಾಕಿ ಉಜ್ಜಿ, ಪೈಪಿನಿಂದ ನೀರು ಬಿಡುತ್ತಿದ್ದ. ಸುಟ್ಟ ಇಂಜಿನ್ ಆಯಿಲನ್ನು ಕಟ್ಟೆಯ ಹಿಂದೆ ಸುರಿಯುತ್ತಿದ್ದರು. ಅದೆಲ್ಲ ಇಳಿಜಾರಿನಲ್ಲಿ ಹರಿದು ಹಳ್ಳ ಸೇರುತ್ತಿತ್ತು. ಮೊದಮೊದಲ ಬೇಸಿಗೆಗಳಲ್ಲಿ ಏನೂ ಆಗಲಿಲ್ಲ. ಮರಳು ತಾಯಿ ತೊಳೆದಳು, ಅಥವಾ ತೊಳೆದಳೆಂದು ನಾವು ಅಂದುಕೊಂಡೆವು.

ಎಂಬತ್ತರ ಬೇಸಿಗೆಯಲ್ಲಿ ಗೋಪಮ್ಮನ ಮನೆಯ ಕೊಡದ ನೀರು ವಾಸನೆ ಹೊಡೆಯತೊಡಗಿತು. ಸಣ್ಣಗೆ ಡೀಸೆಲ್ ವಾಸನೆ. ಅವಳಿಗೆ ಅನುಮಾನ ಬಂದದ್ದು ಮಗನ ಮೇಲೆ. ಅವನು ಎಷ್ಟು ತೊಳೆದುಕೊಂಡರೂ ಕೈಯಿಂದ ಆ ವಾಸನೆ ಹೋಗುತ್ತಿರಲಿಲ್ಲ, ಉಗುರಿನ ಸಂದಿಯಲ್ಲಿ ಕರಿ ಕೂತಿರುತ್ತಿತ್ತು. ಹೊರಗಿನಿಂದ ಬಂದವನೇ ಚಂಬು ಅದ್ದಿ ಗಟಗಟ ಕುಡಿಯುವ ಚಾಳಿ ಬೇರೆ.

"ಮುಟ್ಟಬ್ಯಾಡ ಲೇ ಕೊಡಾನ! ನಿನ್ನ ಕೈ ವಾಸನಿ ನೀರಿಗೆಲ್ಲ ಬಡದದ. ಅಲ್ಲೇ ನಿಂದ್ರು, ನಾ ಹಾಕ್ತೀನಿ."

ಸುಂಕಪ್ಪ ಹೊಸ್ತಿಲ ಹೊರಗೆ ಬಗ್ಗಿ ನಿಂತು ಬೊಗಸೆ ಒಡ್ಡುವುದು, ಅವಳು ಮೇಲಿನಿಂದ ಚಂಬಿನಲ್ಲಿ ಹೊಯ್ಯುವುದು. ಅವನು ನಗುತ್ತಿದ್ದ. "ಬಾವಿಕಟ್ಟಿ ಮಂದಿ ಆದಿ ನೋಡು ಯವ್ವಾ ನೀನು" ಎನ್ನುತ್ತಿದ್ದ. ಅವಳೂ ನಗುತ್ತಿದ್ದಳು. ಗೋಡೆಯ ಈಚೆ ಕೂತು ಕೇಳುತ್ತಿದ್ದ ನಾವೂ ನಗುತ್ತಿದ್ದೆವು. ಆ ಬೇಸಿಗೆ ಪೂರ್ತಿ ಹೀಗೇ ನಡೆಯಿತು. ಬೇರೆ ಮನೆಗಳಲ್ಲೂ ವಾಸನೆ ಬರುತ್ತದೆ ಎಂದು ಒಬ್ಬಿಬ್ಬರು ಅಂದರೆ, "ಸುಂಕ್ಯಾ ನಿಮ್ಮ ಮನಿಗೂ ಬರ್ತಾನಲ್ಲ, ಅಲ್ಲೂ ಕೈ ಹಾಕಿರ್ತಾನ" ಎಂದು ಅವಳೇ ಬಾಯಿ ಮುಚ್ಚಿಸಿದಳು. ವರ್ತಿಯನ್ನು ಅನುಮಾನಿಸುವುದು ಅವಳ ತಲೆಗೆ ಬರುವ ಮಾತಾಗಿರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಸುಂಕಪ್ಪನನ್ನು ಇಂಜಿನ್ ಕೆಲಸ ಕಲಿಯಲೆಂದು ರಾಯಚೂರಿಗೆ ಕಳಿಸಿದರು. ಅವನು ಮನೆಯಲ್ಲಿ ಇಲ್ಲದೆ ಬಹಳ ದಿನಗಳೇ ಆಗಿದ್ದವು. ಒಂದು ಮುಂಜಾನೆ ಗೋಪಮ್ಮ ಕೊಡ ತೊಳೆದು, ಬೂದಿ ಹಾಕಿ ತಿಕ್ಕಿ, ಹೊಸ ನೀರು ತುಂಬಿಕೊಂಡು ಬಂದಳು. ಒಂದು ಗುಟುಕು ಕುಡಿದವಳು ಹಾಗೇ ನಿಂತುಬಿಟ್ಟಳು. ಮತ್ತೆ ಹಳ್ಳಕ್ಕೆ ಓಡಿದಳು. ನಾನು ಹಿಂದೆ ಹೋದೆ. ಅವಳು ವರ್ತಿಯ ಪಕ್ಕ ಮಂಡಿಯೂರಿ, ಗುಂಡಿಯ ಗೋಡೆಯ ಮರಳನ್ನು ಮುಷ್ಟಿಯಲ್ಲಿ ತೆಗೆದು ಮೂಗಿಗೆ ಹಿಡಿದಿದ್ದಳು. ಮರಳು ಒಳಗಡೆ ಕರ‍್ರಗಿತ್ತು. ಹಿಂಡಿದರೆ ಕೈಗೆ ಜಿಡ್ಡು. ನೀರಿನ ಮೇಲೆ ಬಿಸಿಲು ಬಿದ್ದಾಗ ಬಣ್ಣಬಣ್ಣದ ತೆಳು ಪದರ ಹೊಳೆಯಿತು.

"ನನ್ನ ಮಗನ ಕೈ ಅಲ್ಲ ಬೇ ಬೂದೆಮ್ಮ" ಎಂದು ನನಗೆ ಹೇಳಿದಳು. ಅಷ್ಟೇ ಅಂದದ್ದು. ಆಮೇಲೆ ಅಳತೊಡಗಿದಳು. ವರ್ತಿ ಕೆಟ್ಟಿತೆಂದು ಅಳುತ್ತಿದ್ದಾಳೆ ಅಂದುಕೊಂಡೆ. "ಹೊಸ್ತಿಲ ಹೊರಗ ನಿಂದ್ರಿಸಿ ಮ್ಯಾಲಿಂದ ಹಾಕಿದ್ನಲ್ಲ. ನನ್ನ ಹೊಟ್ಟ್ಯಾಗ ಹುಟ್ಟಿದ್ದಕ್ಕ ನಾನ ಮ್ಯಾಲಿಂದ ಹಾಕಿದ್ನಲ್ಲ" ಎಂದು ಬಡಬಡಿಸಿದಾಗ ತಿಳಿಯಿತು.

ಸುಂಕಪ್ಪ ಊರಿಗೆ ಬಂದ ದಿನ ಅವಳು ಅವನನ್ನು ಒಳಗೆ ಕರೆದು, ಕೊಡವನ್ನು ಅವನ ಮುಂದೆ ತಂದಿಟ್ಟು, "ಕೈ ಅದ್ದು. ಎರಡೂ ಕೈ ಅದ್ದು" ಎಂದಳು. ಅವನಿಗೆ ಏನೂ ಅರ್ಥವಾಗಲಿಲ್ಲ. ಅದ್ದಿದ. ಅವನ ಕೈ ನೀರೊಳಗಿರುವಾಗಲೇ ಅದೇ ಕೊಡದ ನೀರನ್ನು ಚಂಬಿನಲ್ಲಿ ಮೊಗೆದು ಕುಡಿದಳು. ಆಮೇಲೆ ವರ್ತಿಯ ಸಂಗತಿ ಹೇಳಿದಳು. ಅವನು ಗೋಡೆಗೊರಗಿ ಕೂತ. ಜಾಗ ತೋರಿಸಿದವನು ತಾನೇ, ತೊಳೆದು ಬಿಟ್ಟವನೂ ತಾನೇ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ತಾಯಿ ಮಗ ಇಬ್ಬರೂ ಡಿಪೋ ಸಾಹೇಬರ ಹತ್ತಿರ ಹೋದರು. ಮೈಸೂರು ಕಡೆಯ ಮನುಷ್ಯ, ಒಳ್ಳೆಯವರು. ಕುರ್ಚಿ ಕೊಡದಿದ್ದರೂ ನಿಂತು ಕೇಳಿದರು. "ಏನು ಮಾಡೋಣ ತಾಯಿ, ಬಸ್ಸು ತೊಳೀದೆ ಇರೋಕಾಗಲ್ಲ. ನೀರು ಅಲ್ಲೇ ನಿಲ್ಲುತ್ಯೇ? ಹಳ್ಳ ತುಂಗಭದ್ರೆಗೆ ಹೋಗುತ್ತೆ, ತುಂಗಭದ್ರೆ ಕೃಷ್ಣೆಗೆ, ಆಮೇಲೆ ಸಮುದ್ರ. ಅಷ್ಟು ದೊಡ್ಡ ಸಮುದ್ರದಲ್ಲಿ ಇದೆಲ್ಲ ಎಲ್ಲಿ ಗೊತ್ತಾಗುತ್ತೆ?"

ಗೋಪಮ್ಮ ಸಮುದ್ರ ನೋಡಿದವಳಲ್ಲ. "ಸಮುದ್ರಕ್ಕ ಹೋಗೂ ದಾರ್ಯಾಗ ನಾವು ಅದೀವಲ್ರೀ ಸಾಹೇಬ್ರ" ಎಂದಳು.

ಸಾಹೇಬರು ಕಟ್ಟೆಯ ಕೆಳಗೆ ಗುಂಡಿ ತೋಡಿಸಿ ಎಣ್ಣೆ ನೀರನ್ನು ಅಲ್ಲೇ ತಡೆಯಲು ಒಪ್ಪಿದರು. ಆಳು ಕೊಡಲು ಮೇಲಿನವರ ಮಂಜೂರಾತಿ ಬೇಕೆಂದರು. ಅದು ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಸುಂಕಪ್ಪ ರಜೆಯ ದಿನಗಳಲ್ಲಿ ಒಬ್ಬನೇ ತೋಡಿದ. ಕೆಳಗೆ ಹಳ್ಳದಲ್ಲಿ ಗೋಪಮ್ಮ ಕೇರಿಯ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಹೋಗಿ ಕರಿ ಮರಳನ್ನು ಬುಟ್ಟಿಯಲ್ಲಿ ತುಂಬಿ ದಂಡೆಯ ಮೇಲೆ ಹಾಕಿಸಿದಳು. ನಾನೂ ಹೊತ್ತೆ. ಹಾಡು ಹೇಳುತ್ತ ಹೊತ್ತೆವು, ಸುಳ್ಳೇಕೆ, ಆ ದಿನಗಳಲ್ಲಿ ನಮಗೆ ಹುರುಪಿತ್ತು. ಕೆಳಗಿನ ಬಿಳಿ ಮರಳು ಕಂಡಾಗ ಗೋಪಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ಬಂದ ನೀರು ತಿಳಿಯಾಗಿತ್ತು, ವಾಸನೆ ಹೋಗಿತ್ತು. ಒಂದು ಬೇಸಿಗೆ ಹಾಗೇ ದಾಟಿತು.

ಮಳೆಗಾಲದಲ್ಲಿ ಹಳ್ಳ ದಂಡೆ ಮೀರಿ ಬಂತು. ಸುಂಕಪ್ಪನ ಗುಂಡಿ ತುಂಬಿ ಒಡೆಯಿತು, ಅದರಲ್ಲಿ ಕೂಡಿಟ್ಟ ಎಣ್ಣೆಯೆಲ್ಲ ಒಂದೇ ಸಲಕ್ಕೆ ಹಳ್ಳಕ್ಕಿಳಿಯಿತು. ನಾವು ದಂಡೆಯಲ್ಲಿ ಗುಡ್ಡೆ ಹಾಕಿದ್ದ ಕರಿ ಮರಳನ್ನೂ ಕೊಚ್ಚಿಕೊಂಡು ಬಂದು ವರ್ತಿಯ ಜಾಗದಲ್ಲೇ ಹಾಸಿತು. ಒಳ್ಳೆಯ ಸಾಹೇಬರಿಗೆ ವರ್ಗವಾಯಿತು. ಹೊಸಬರು ಸುಂಕಪ್ಪನಿಗೆ, ಡಿಪೋ ಜಾಗದಲ್ಲಿ ಗುಂಡಿ ತೋಡಲು ನಿನಗೆ ಯಾರು ಹೇಳಿದರು ಎಂದು ಕೇಳಿದರು. ಅವನು ಕೆಲಸ ಬಿಡುತ್ತೇನೆಂದು ಮನೆಗೆ ಬಂದ. ಗೋಪಮ್ಮ ಬೈದು ವಾಪಸು ಕಳಿಸಿದಳು. "ನೀ ಬಿಟ್ರ ಮತ್ತೊಬ್ಬ ತೊಳೀತಾನ. ಹೊಲಸು ಅಷ್ಟ ಬರ್ತದ. ನಿನ್ನ ಅನ್ನ ಯಾಕ ಕಳಕೋತಿ?"

ಎಂಬತ್ಮೂರರ ಬೇಸಿಗೆಗೆ ವರ್ತಿಯ ನೀರು ಬಾಯಿಗೆ ಹಾಕುವಂತಿರಲಿಲ್ಲ. ಕುಡಿದ ಮಕ್ಕಳಿಗೆ ವಾಂತಿ. ಡಿಪೋದ ಬಾವಿಗೆ ಹೊರಗಿನವರು ಕೊಡ ತರಬಾರದೆಂದು ಹೊಸ ಸಾಹೇಬರ ಹುಕುಂ ಇತ್ತು. ಕೇರಿಯ ಹೆಂಗಸರು ಒಬ್ಬೊಬ್ಬರೇ ಕೊಡ ಹಿಡಿದು ಮೇಲಿನ ಬಾವಿಯ ದಾರಿ ಹಿಡಿದರು. ಗೋಪಮ್ಮನ ಮನೆಯ ಮುಂದೆ ಹಾಯುವಾಗ ಕೊಡವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಸೊಸೆ ಅಮರಮ್ಮನೂ ಹೋಗತೊಡಗಿದಳು. ಸರ್ಕಾರದ ಕಾಯ್ದೆಯ ಪ್ರಕಾರ ಆಗ ಯಾರು ಬೇಕಾದರೂ ಸೇದಬಹುದಿತ್ತು. ಆದರೆ ಹಗ್ಗ ಮೇಲಿನ ಓಣಿಯವರ ಕೈಯಲ್ಲಿತ್ತು, ನಮ್ಮವರ ಕೂಲಿಯೂ ಅವರ ಹೊಲದಲ್ಲೇ ಇತ್ತು. ಮೊದಲಿನಂತೆಯೇ ಕೊಡ ಕೆಳಗಿಟ್ಟು ನಿಲ್ಲುವುದು, ಯಾರಿಗಾದರೂ ಮನಸ್ಸು ಬರುವ ತನಕ ಕಾಯುವುದು.

ಗೋಪಮ್ಮ ಯಾರನ್ನೂ ತಡೆಯಲಿಲ್ಲ, ಯಾರಿಗೂ ಬೈಯಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಅವಳು ಮಾತ್ರ ವರ್ತಿಯ ನೀರನ್ನೇ ತಂದು, ಬಟ್ಟೆಯಲ್ಲಿ ಸೋಸಿ, ಮೂಗು ಹಿಡಿದು ಕುಡಿಯುತ್ತಿದ್ದಳು. ಸುಂಕಪ್ಪ ಕಾಲು ಹಿಡಿದುಕೊಂಡು ಕೇಳಿದ. "ಯವ್ವಾ, ಬ್ಯಾಡಬೇ. ನಿನ್ನ ಸೊಸಿ ತಂದಿದ್ದು ಕುಡಿ."

"ನೀವು ಕುಡೀರಿ. ನನ್ನ ಗಂಟಲಾಗ ಆ ನೀರು ಇಳಿಯಂಗಿಲ್ಲಪ್ಪ. ಸತ್ರ ನನ್ನ ಹಳ್ಳದ ನೀರು ಕುಡದು ಸಾಯ್ತೀನಿ."

ಕೇರಿಗೆ ಬೋರಿನ ಪಂಪು ಬಂದದ್ದು ಅದಾಗಿ ಮೂರು ವರ್ಷಕ್ಕೆ. ಆ ಹೊತ್ತಿಗೆ ಅವಳು ಇರಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ಹೇಳಿದರೆ ಯಾರಿಗಾದರೂ ಸಮಾಧಾನವಾದೀತು.

ಆ ಬೇಸಿಗೆಯಲ್ಲೇ ಅಮರಮ್ಮ ಎರಡನೆಯ ಸಲ ಹೆತ್ತಳು. ಗಂಡುಮಗು. ಬಾಣಂತಿಗೆ ಜ್ವರ ಹತ್ತಿತು, ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಸುಂಕಪ್ಪ ನಸುಕಿನಲ್ಲೇ ಡಿಪೋಕ್ಕೆ ಹೋಗಬೇಕು. ಉಳಿದವರು ತಮ್ಮ ಕೊಡಕ್ಕೇ ಹೊತ್ತುಗಟ್ಟಲೆ ನಿಂತು ತರುವವರು, ಒಂದೆರಡು ದಿನ ನಮ್ಮವ್ವ ಒಂದು ಚಂಬು ಕೊಟ್ಟಳು. ಆಮೇಲೆ ಅಮರಮ್ಮನ ದೊಡ್ಡ ಮಗಳು ಮೂಕಮ್ಮ ತಾನೇ ಕೊಡ ಎತ್ತಿಕೊಂಡು ಹೋದಳು. ಏಳು ವರ್ಷದ ಕೂಸು. ಆ ಹುಡುಗಿ ಹುಟ್ಟಿದ ಮೇಲೆ ಬಾವಿಯ ಮುಂದೆ ನಿಂತವಳಲ್ಲ, ಅಲ್ಲಿನ ರೀತಿ ಗೊತ್ತಿರಲಿಲ್ಲ. ಸೀದಾ ಕಟ್ಟೆ ಹತ್ತಿಬಿಟ್ಟಳು. ಹೊಡೆಯಲಿಲ್ಲವಂತೆ, ಗದರಿಸಿ ಇಳಿಸಿದರಂತೆ. ಕಟ್ಟೆ ತೊಳೆದರಂತೆ. ಆಮೇಲೆ ಯಾರೂ ಅವಳ ಕೊಡದ ಕಡೆ ನೋಡಲಿಲ್ಲ. ಮಧ್ಯಾಹ್ನ ಖಾಲಿ ಕೊಡದೊಂದಿಗೆ ಮನೆಗೆ ಬಂದು, "ಆಯೀ, ನಾ ಏನ್ ಮಾಡ್ದೆ?" ಎಂದು ಅಜ್ಜಿ ಗೋಪಮ್ಮನನ್ನು ಕೇಳಿದಳು.

ಗೋಪಮ್ಮ ಹುಡುಗಿಯ ಕೈಯಿಂದ ಕೊಡ ಇಸಿದುಕೊಂಡಳು.

ಮರುದಿನ ನಾನು ಎಂದಿನಂತೆ ರಾಯಚೂರಿಗೆ ಟ್ರೇನಿಂಗಿಗೆ ಹೋಗಲು ಮುಂಜಾನೆಯ ಬಸ್ಸಿಗೆ ಕೂತಿದ್ದೆ. ಜಿಲಾನಿ ಪಾಷಾನೇ ಡ್ರೈವರ್. ಅಂದು ಸುಂಕಪ್ಪನೂ ಬಸ್ಸಿನಲ್ಲಿದ್ದ, ರಾಯಚೂರಿನಿಂದ ಏನೋ ಸಾಮಾನು ತರಬೇಕಿತ್ತು. ಡಿಪೋದ ನೀರಿನ ಮೋಟಾರು ಸುಟ್ಟು ಎರಡು ದಿನವಾಗಿತ್ತು, ಹಾಗಾಗಿ ಬಸ್ಸುಗಳು ರಸ್ತೆಯ ಪಕ್ಕದ ದೊಡ್ಡ ಬಾವಿಯ ಹತ್ತಿರ ನಿಂತು ಇಂಜಿನ್ನಿಗೆ ನೀರು ತುಂಬಿಸಿಕೊಂಡು ಹೋಗುತ್ತಿದ್ದವು. ಪಾಷಾ ಬಸ್ಸು ನಿಲ್ಲಿಸಿ, "ಸುಂಕಣ್ಣ, ಜರಾ ನೀರು ಹಾಕಿ ಬಾರಪ್ಪ" ಎಂದ. ಸುಂಕಪ್ಪ ತಗಡಿನ ಡಬ್ಬಿ ಹಿಡಿದು ಇಳಿದ.

ಬಾವಿಯ ಈಚೆ, ಕಟ್ಟೆಯಿಂದ ಬಹಳ ದೂರದಲ್ಲಿ, ನಮ್ಮ ಕೇರಿಯ ಕೊಡಗಳ ಸಾಲಿತ್ತು. ಸಾಲಿನ ಕೊನೆಯಲ್ಲಿ ಗೋಪಮ್ಮ ನಿಂತಿದ್ದಳು. ನನಗೆ ಮೊದಲು ಗುರುತೇ ಸಿಗಲಿಲ್ಲ. ತಲೆಯ ತುಂಬ ಸೆರಗು ಹೊದ್ದು, ಆ ಎತ್ತರದ ಹೆಂಗಸು ಇಷ್ಟಿಷ್ಟಾಗಿ ನಿಂತಿದ್ದಳು. ಸುಂಕಪ್ಪನಿಗೆ ಗುರುತು ಸಿಕ್ಕಿತು. ಅವನು ನಡೆಯುತ್ತಿದ್ದವನು ನಿಂತ. ಅವಳು ಬಂದದ್ದು ಅವನಿಗೆ ಗೊತ್ತಿರಲಿಲ್ಲ. ಅವನು ಮನೆ ಬಿಟ್ಟ ಮೇಲೆ ಬಂದಿದ್ದಳು.

ಕಟ್ಟೆಯ ಮೇಲೆ ಸೇದುತ್ತಿದ್ದ ಹೆಂಗಸು ಬಸ್ಸಿನ ಹಾರ್ನ್ ಕೇಳಿ, "ಬಸ್ಸಿಗೇನು? ಇಡು ಇಡು, ಲಗೂ ಇಡು" ಎಂದಳು. ಸುಂಕಪ್ಪ ಡಬ್ಬಿ ಇಟ್ಟು ಹಿಂದೆ ಸರಿದ. ಅವಳು ತುಂಬಿದ ಕೊಡವನ್ನೇ ಅದಕ್ಕೆ ಬಗ್ಗಿಸಿದಳು. ಡಬ್ಬಿ ಯಾವ ಕೇರಿಯ ಕೈಯಿಂದ ಬಂತೆಂದು ಯಾರೂ ನೋಡಲಿಲ್ಲ. ಬಸ್ಸಿನ ಡಬ್ಬಿಗೆ ಜಾತಿ ಇರಲಿಲ್ಲ.

ಸುಂಕಪ್ಪ ತುಂಬಿದ ಡಬ್ಬಿ ಎತ್ತಿದವನು ಬಸ್ಸಿನ ಕಡೆ ಬರಲಿಲ್ಲ. ಸಾಲಿನುದ್ದಕ್ಕೂ ನಡೆದು ಅವ್ವನ ಮುಂದೆ ಹೋಗಿ, ಅವಳ ಕೊಡಕ್ಕೆ ಡಬ್ಬಿ ಬಗ್ಗಿಸಿದ. ಗೋಪಮ್ಮ ಕೊಡದ ಬಾಯಿಗೆ ಅಂಗೈ ಅಡ್ಡ ಇಟ್ಟಳು. ನೀರು ಅವಳ ಕೈಮೇಲೆ ಬಿದ್ದು ಮಣ್ಣಿಗೆ ಹರಿಯಿತು.

"ಅದು ಬಸ್ಸಿನ ನೀರು. ಒಯ್ದು ಬಸ್ಸಿಗೆ ಹಾಕು. ಮಂದಿ ಕುಂತಾರ."

"ಯವ್ವಾ, ನೀ ಮನಿಗೆ ನಡಿ. ನಾ ನಿಂದ್ರತೀನಿ."

"ನಿನಗ ಡೂಟಿ ಅದ. ನಾಳಿ ಯಾರ್ ನಿಂದ್ರತಾರ? ಕೂಸು ನಿಂದ್ರಬೇಕೇನು?"

ಪಾಷಾ ಹಾರ್ನ್ ಹೊಡೆಯಲಿಲ್ಲ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕೂತಿದ್ದ. ಬಸ್ಸಿನೊಳಗೆ ಹಿಂದಿನ ಸೀಟಿನಿಂದ ಯಾರೋ, "ಏನಪ್ಪಾ ಲೇಟು? ಕೋರ್ಟಿಗೆ ಹೋಗಬೇಕು" ಎಂದರು.

"ಹೋಗಪ್ಪ, ನನ್ನ ಸರದಿ ಬರ್ತದ" ಎಂದಳು ಗೋಪಮ್ಮ. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಹಳ್ಳದಲ್ಲಿ ಬಿಟ್ಟು ಬೇರೆಲ್ಲೂ ಕೇಳಿರಲಿಲ್ಲ.

ಸುಂಕಪ್ಪ ಬಂದು ಇಂಜಿನ್ನಿಗೆ ನೀರು ಹಾಕಿದ. ಕಣ್ಣು ಬಾವಿಯ ಕಡೆಗೇ ಇತ್ತು, ಅರ್ಧ ಹೊರಗೇ ಚೆಲ್ಲಿತು. ಮತ್ತೆ ತರಲು ಪಾಷಾ ಹೇಳಲಿಲ್ಲ. ಬಸ್ಸು ಹೊರಟಿತು. ಸುಂಕಪ್ಪ ಬಾಗಿಲ ಮೆಟ್ಟಿಲಲ್ಲೇ ನಿಂತಿದ್ದ, ಸೀಟು ಖಾಲಿ ಇದ್ದರೂ ರಾಯಚೂರಿನ ತನಕ ಕೂರಲಿಲ್ಲ. ನನಗೆ ದುಃಖ ತಡೆಯಲಾಗಲಿಲ್ಲ, ಬಾಯಿಗೆ ಸೆರಗು ತುರುಕಿಕೊಂಡು ಕಿಟಕಿಯಿಂದ ತಿರುಗಿ ನೋಡಿದೆ. ಕಟ್ಟೆಯ ಮೇಲಿನ ಹೆಂಗಸು ಗೋಪಮ್ಮನ ಕಡೆ ಕೈ ಬೀಸಿ ಏನೋ ಹೇಳಿದಳು. ಗೋಪಮ್ಮ ಬಗ್ಗಿ ತನ್ನ ಕೊಡವನ್ನು ಇನ್ನಷ್ಟು ಹಿಂದಕ್ಕೆ ಸರಿಸಿಟ್ಟುಕೊಂಡಳು.